ಕಂಚಿನ ಸಿಂಬಿ

ಕಿಟ್ಟನಿಗೆ ಅಳು ಬರಲಿಲ್ಲ ಎಂಬುದು ಕಾಪುವಿನ ಕಡಲ ಬದಿಯ ಅಷ್ಟೂ ಮನೆಗಳಿಗೆ ಗೊತ್ತಿದ್ದ ಸಂಗತಿ. ಸಾವಿರದ ಒಂಬೈನೂರ ಎಂಬತ್ತನಾಲ್ಕರ ಫೆಬ್ರವರಿಯಲ್ಲಿ ಅವನ ತಾಯಿ ಲಚ್ಚು ತೀರಿಕೊಂಡಾಗ ಅಕ್ಕ ಪುಷ್ಪಾವತಿ ಗೋಡೆಗೆ ಹಣೆ ಚಚ್ಚಿಕೊಂಡಳು. ಲಚ್ಚುವಿನೊಡನೆ ಹತ್ತು ವರ್ಷ ಮಾತು ಬಿಟ್ಟಿದ್ದ ನೆರೆಮನೆಯ ಮುದುಕಿ ಕೂಡ ಬಂದು, ಸೆರಗಿನಲ್ಲಿ ಮೂಗು ಒರೆಸಿಕೊಂಡು ಹೋದಳು. ಮೀನಿನ ಬುಟ್ಟಿ ಹೊತ್ತು ತಿರುಗಿ ಸಾಕಿದ ತಾಯಿಯ ಒಬ್ಬನೇ ಮಗ ಮಾತ್ರ ಚಾವಡಿಯ ಕಂಬಕ್ಕೆ ಒರಗಿ, ಬಸ್ಸು ಕಾಯುವವರ ಹಾಗೆ ನಿಂತಿದ್ದ. ಹೆಣ ತೆಗೆಯಬಹುದಾ ಎಂದು ಹಿರಿಯರು ಕೇಳಿದರು. "ಆಗಬಹುದು" ಎಂದ. ಕೊಳ್ಳಿ ಇಡಬಹುದಾ ಎಂದರು. ಅದಕ್ಕೂ "ಆಗಬಹುದು" ಎಂದ. ಕಲಿತವರ ಕಣ್ಣಲ್ಲಿ ನೀರಿರುವುದಿಲ್ಲ ಎಂದು ಹೆಂಗಸರು ತೀರ್ಮಾನ ಕೊಟ್ಟು ಮನೆಗೆ ಹೋದರು.

ಅವರ ತೀರ್ಮಾನ ಪೂರ್ತಿ ತಪ್ಪೆಂದು ಹೇಳುವ ಹಾಗಿಲ್ಲ. ಕಿಟ್ಟ ಕಲಿತವನೇ. ಮದ್ರಾಸಿನಲ್ಲಿ ಐದು ವರ್ಷ ಶಿಲ್ಪಕಲೆ ಕಲಿತು ಬಂದಿದ್ದ. ಅಲ್ಲಿಂದ ಬಂದವನಿಗೆ ಮಣಿಪಾಲದ ಕಾಲೇಜಿನಲ್ಲಿ, ವೈದ್ಯಕೀಯ ಕಲಿಯುವ ಮಕ್ಕಳಿಗಾಗಿ ದೇಹದ ಭಾಗಗಳ ಮಾದರಿ ಮಾಡುವ ಕೆಲಸ ಸಿಕ್ಕಿತು. ಮೇಣದಲ್ಲಿ ಮೂತ್ರಪಿಂಡ, ಪ್ಲಾಸ್ಟರಿನಲ್ಲಿ ಶ್ವಾಸಕೋಶ. ಹೃದಯವಂತೂ ವಾರಕ್ಕೆ ಎರಡಾದರೂ ಬೇಕು, ಮಕ್ಕಳು ಬೀಳಿಸಿ ಒಡೆಯುತ್ತಿದ್ದರು. ಹದಿನಾಲ್ಕು ವರ್ಷ ವಾರಕ್ಕೆರಡು ಹೃದಯ ಮಾಡಿದವನು ತನ್ನದನ್ನು ಎಲ್ಲಿಟ್ಟನೋ ಮರೆತಿದ್ದರೆ ಅದೇನು ದೊಡ್ಡ ಆಶ್ಚರ್ಯವಲ್ಲ.

ಸಂಬಳದ ಕೆಲಸ ಮುಗಿದ ಮೇಲೆ ಅವನಿಗೆ ತನ್ನದೇ ಆದ ಇನ್ನೊಂದು ಕೆಲಸವಿತ್ತು. ಜನ ಬಳಸಿ ಸವೆಸಿದ ವಸ್ತುಗಳನ್ನು ಹುಡುಕಿ ತಂದು ಅಚ್ಚು ತೆಗೆಯುವುದು. ಅಜೆಕಾರಿನ ಒಬ್ಬ ರೈತನ ಅಡಿಕೆ ಹಾಳೆಯ ಟೋಪಿ, ಹಿರಿಯಡ್ಕದ ಚಾದಂಗಡಿಯ ಬಾಗಿದ ಸೌಟು, ಕೆಮ್ಮಣ್ಣು ಊರಿನ ದೋಣಿಯವನು ಹಿಡಿದು ಹಿಡಿದು ನಡು ಸಣ್ಣಗಾದ ಹುಟ್ಟು. ಕಾರ್ಕಳದ ಕಲ್ಲುಕುಟಿಗರು ದೇವರನ್ನು ಕೆತ್ತುತ್ತಾರೆ, ಇವನು ಸೌಟು ಮಾಡುತ್ತಾನೆ ಎಂದು ನಗುವವರಿದ್ದರು. ಕಿಟ್ಟನ ಲೆಕ್ಕವೇ ಬೇರೆ. ಒಂದು ವಸ್ತುವನ್ನು ನಲವತ್ತು ವರ್ಷ ಬಳಸಿದರೆ ಬಳಸಿದ ಕೈಯೇ ಅದನ್ನು ಕೆತ್ತಿರುತ್ತದೆ, ಶಿಲ್ಪಿಗೆ ಉಳಿಯುವುದು ಅದನ್ನು ಕೆಡಿಸದೆ ಎತ್ತಿಡುವ ಕೆಲಸ ಮಾತ್ರ ಎಂದು ಅವನು ಹೇಳುತ್ತಿದ್ದ. ಹೇಳುವುದೇನೋ ಚೆನ್ನಾಗಿಯೇ ಹೇಳುತ್ತಿದ್ದ.

ತಾಯಿಯ ಕೊನೆಯ ಮೂರು ದಿನ ಅವನು ಕಾಪುವಿನಲ್ಲೇ ಇದ್ದ. ಲಚ್ಚುವಿಗೆ ಜ್ವರ ತಲೆಗೇರಿತ್ತು. ಮಲಗಿದಲ್ಲೇ ಕುತ್ತಿಗೆ ಸೆಟೆದು "ಇಳಿಸು, ಇಳಿಸು" ಎಂದು ಒಂದೇ ಸಮನೆ ಕನವರಿಸುತ್ತಿದ್ದಳು. ಮೀನು ಮಾರುವ ಹೆಂಗಸರಿಗೆ ತುಂಬಿದ ಬುಟ್ಟಿಯನ್ನು ಒಬ್ಬರೇ ತಲೆಗೇರಿಸಲಿಕ್ಕೂ ಆಗುವುದಿಲ್ಲ, ಒಬ್ಬರೇ ಇಳಿಸಲಿಕ್ಕೂ ಆಗುವುದಿಲ್ಲ. ಕಡಲ ಬದಿಯಿಂದ ಶಿರ್ವದವರೆಗೆ ಮನೆಮನೆಯ ಅಂಗಳದಲ್ಲಿ ನಿಂತು ಅವರು ಮೊದಲು ಕೂಗುವುದೇ ಆ ಒಂದು ಮಾತನ್ನು, ಮೀನಿನ ಹೆಸರು ಹೇಳುವುದು ಆಮೇಲೆ. ಮಂಚದ ಬದಿಯಲ್ಲಿ ನಿಂತ ಕಿಟ್ಟನಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಎಂತ ಇಳಿಸುವುದಮ್ಮಾ, ಎಂತದೂ ಇಲ್ಲ ತಲೆಯ ಮೇಲೆ ಎಂದು ಬುದ್ಧಿ ಹೇಳಿದ. ಅಡುಗೆಮನೆಯಿಂದ ಬಂದ ಪುಷ್ಪಾವತಿ ಅವನನ್ನು ಬದಿಗೆ ಸರಿಸಿದಳು. ತಾಯಿಯ ತಲೆಯ ಮೇಲೆ, ಏನೂ ಇಲ್ಲದ ಜಾಗದಲ್ಲಿ ಎರಡೂ ಕೈ ಹಿಡಿದು, ಉಸಿರು ಬಿಗಿದು, ಭಾರವಾದದ್ದನ್ನು ಎತ್ತಿ ನೆಲಕ್ಕೆ ಇಳಿಸಿದಳು. "ಇಳಿಸಿದೆ ಅಮ್ಮ" ಎಂದಳು. ಲಚ್ಚುವಿನ ಕುತ್ತಿಗೆ ಸಡಿಲವಾಯಿತು. ಅವಳು ಮತ್ತೆ ಕೂಗಲಿಲ್ಲ.

ಹದಿನಾರನೆಯ ದಿನ ಬೊಜ್ಜದ ಉತ್ತರಕ್ರಿಯೆ ಮುಗಿದ ಮೇಲೆ ತಾಯಿಯ ಸೀರೆ, ಚಾಪೆ, ಎಲೆಯಡಿಕೆಯ ಚೀಲ ಎಲ್ಲವನ್ನೂ ಕಡಲಿಗೆ ಬಿಟ್ಟರು. ಪುಷ್ಪಾವತಿ ಒಂದನ್ನು ಮಾತ್ರ ತೆಗೆದಿಟ್ಟುಕೊಂಡಳು. ಅದು ಬುಟ್ಟಿಯ ಅಡಿಗೆ ತಲೆಯ ಮೇಲಿಡುವ ಸಿಂಬಿ. ಒಳಗೆ ತೆಂಗಿನ ನಾರಿನ ಹಗ್ಗ, ಅದರ ಮೇಲೆ ಹಳೆಯ ಸೀರೆಯ ಪಟ್ಟಿ. ಪ್ರತಿ ವರ್ಷ ಹರಿದ ಸೀರೆಯಿಂದ ಒಂದು ಪಟ್ಟಿಯನ್ನು ಲಚ್ಚು ಅದಕ್ಕೆ ಸುತ್ತುತ್ತಿದ್ದಳು. ಎಲ್ಲಕ್ಕಿಂತ ಮೇಲಿನದು ಹಸಿರು. ಎಡಗಡೆ ಒಂದು ತಗ್ಗು ಬಿದ್ದಿತ್ತು, ಅವಳು ತಲೆಯನ್ನು ಚೂರು ವಾಲಿಸಿ ನಡೆಯುತ್ತಿದ್ದುದರಿಂದ. ತೆಂಗಿನೆಣ್ಣೆ, ಬೆವರು, ಬಂಗುಡೆ ಮೀನಿನ ನೀರು ಎಲ್ಲ ಸೇರಿದ ಒಂದು ವಾಸನೆಯಿತ್ತು. ಕಣ್ಣು ಮುಚ್ಚಿ ಮೂಸಿದರೆ ಲಚ್ಚುವೇ ಬಂದು ನಿಂತ ಹಾಗಾಗುತ್ತದೆ ಎಂದು ಪುಷ್ಪಾವತಿ ಹೇಳುತ್ತಿದ್ದಳು.

ಮಣಿಪಾಲಕ್ಕೆ ಹೊರಟ ದಿನ ಕಿಟ್ಟ ಅದನ್ನು ಕೇಳಿದ. "ಅಚ್ಚು ತೆಗೆದು ಹಿಂದೆ ಕೊಡುತ್ತೇನೆ ಅಕ್ಕ."

ಪುಷ್ಪಾವತಿ ಕೂಡಲೇ ಕೊಡಲಿಲ್ಲ. "ಆಟಿ ಅಮಾವಾಸ್ಯೆಗೆ ಬೇಕು, ಗೊತ್ತುಂಟಲ್ಲ ನಿನಗೆ? ಮೊದಲ ವರ್ಷದ್ದು. ಮಣೆಯ ಮೇಲೆ ಇಡಲಿಕ್ಕೆ ಬೇರೆ ಎಂತದೂ ಉಳಿಯಲಿಲ್ಲ."

ಅವರ ಮನೆಯ ಕ್ರಮ ಅದು. ಸತ್ತವರು ಮೊದಲ ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆಯ ಮಧ್ಯಾಹ್ನ ಉಣ್ಣಲಿಕ್ಕೆ ಬರುತ್ತಾರೆ. ಮೈಗೆ ತಾಗಿಸಿಕೊಂಡು ಬಳಸಿದ್ದನ್ನು ಮಣೆಯ ಮೇಲಿಟ್ಟು, ಮುಂದೆ ಎಲೆ ಹಾಕಿ ಬಡಿಸಿ, ಬಾಗಿಲು ಮುಚ್ಚಬೇಕು. ತಮ್ಮದನ್ನು ಕಂಡರೆ ಕೂರುತ್ತಾರೆ, ಉಣ್ಣುತ್ತಾರೆ. ಕಾಣದಿದ್ದರೆ ಬೇರೆ ಯಾರದೋ ಮನೆಯೆಂದು ಹಸಿದುಕೊಂಡೇ ಹಿಂದೆ ಹೋಗುತ್ತಾರೆ. ನಲವತ್ತು ವರ್ಷ ಊರಿನವರ ಊಟಕ್ಕೆ ಮೀನು ಹೊತ್ತವಳು ಹಸಿದು ಹೋಗುವುದೆಂದರೆ ಪುಷ್ಪಾವತಿಗೆ ನೆನೆಸಲಿಕ್ಕೂ ಆಗದ ಮಾತು.

"ಅದಕ್ಕೆ ಮೊದಲು ತರುತ್ತೇನೆ" ಎಂದ ಕಿಟ್ಟ.

ಮಣಿಪಾಲದಲ್ಲಿ ಸಿಂಬಿ ಒಂದು ತಿಂಗಳು ಅವನ ಮೇಜಿನ ಮೇಲೆ, ಬಣ್ಣ ಒಣಗಲು ಇಟ್ಟ ಎರಡು ಹೃದಯಗಳ ನಡುವೆ ಕುಳಿತಿತ್ತು. ದಿನಾ ನೋಡುತ್ತಿದ್ದ, ಏನೂ ಅನಿಸುತ್ತಿರಲಿಲ್ಲ. ಅನಿಸುತ್ತಿಲ್ಲ ಎಂಬುದೂ ಅವನನ್ನು ಕಾಡುತ್ತಿರಲಿಲ್ಲ. ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ಸರಿಯಾಗಿ ನಿದ್ದೆ. ಯಾರಾದರೂ ತಾಯಿಯ ವಿಷಯ ತೆಗೆದು ಬೇಸರಪಟ್ಟರೆ ಅವರನ್ನೇ ಸಮಾಧಾನ ಮಾಡಿ ಕಳುಹಿಸುತ್ತಿದ್ದ.

ಏಪ್ರಿಲಿನಲ್ಲಿ ಲೊರ್ನಾ ಮೇಡಂ ಬಂದರು. ಕಾಲೇಜಿನ ಗ್ರಂಥಾಲಯದವರು. ಉಡುಪಿಯಲ್ಲಿ ಅವನ ಕೆಲಸಗಳ ಪ್ರದರ್ಶನ ಮಾಡಿಸಲೇಬೇಕೆಂದು ಎರಡು ವರ್ಷದಿಂದ ಹಠ ಹಿಡಿದು, ಕೊನೆಗೂ ಮೇ ತಿಂಗಳಿಗೆ ಒಂದು ಸಭಾಂಗಣ ಗೊತ್ತು ಮಾಡಿದ್ದರು. ಸಿಂಬಿಯನ್ನು ನೋಡಿದ್ದೇ ನಿಂತುಬಿಟ್ಟರು.

"ಕೃಷ್ಣ, ಉಳಿದದ್ದು ಪ್ಲಾಸ್ಟರಿನಲ್ಲಿರಲಿ. ಇದು ಮಾತ್ರ ಕಂಚಿನಲ್ಲಿ ಆಗಬೇಕು. ನಡುವಿನಲ್ಲಿ ಇದೊಂದೇ ಇಡುವ."

"ಆಗಬಹುದು" ಎಂದ.

ಕಾರ್ಕಳದ ಜನಾರ್ದನ ಆಚಾರಿ ಮೂರು ತಲೆಮಾರಿನಿಂದ ಕಂಚು ಎರೆಯುವವರು. ಭೂತದ ಮುಖವಾಡ, ಗಂಟೆ, ದೀಪ ಎಲ್ಲ ಮಾಡುತ್ತಿದ್ದರು. ಬಾಯಿ ತುಂಬ ಎಲೆಯಡಿಕೆ, ಮಾತು ಕಡಿಮೆ. ಕಿಟ್ಟ ಕೊಟ್ಟ ಸಿಂಬಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಎದ್ದು ಹೋಗಿ ಅಂಗಳದ ತುದಿಯಲ್ಲಿ ಉಗುಳಿ ಬಂದರು. ಮಾತಾಡುವ ವಿಷಯ ಉಂಟು ಎಂದು ಅದರ ಅರ್ಥ.

"ಮಾಸ್ಟ್ರೇ, ಇದರ ಅಚ್ಚು ಬೇರೆ ತೆಗೆಯಲಿಕ್ಕೆ ಹೋದರೆ ಬಟ್ಟೆಯ ಎಳೆ ಎಲ್ಲ ಮುಚ್ಚಿಹೋಗುತ್ತದೆ. ಬರೀ ಬಳೆಯ ಹಾಗೆ ಆದೀತು. ಎಳೆ ಎಳೆ ಬರಬೇಕಾದರೆ ಇದಕ್ಕೇ ತೆಳುವಾಗಿ ಮೇಣ ಹಚ್ಚಿ, ಮಣ್ಣು ಮೆತ್ತಿ, ಒಲೆಗೆ ಇಡಬೇಕು. ಮೇಣ ಹರಿದು ಹೋಗುತ್ತದೆ. ಒಳಗಿನದ್ದು ಉರಿದು ಹೋಗುತ್ತದೆ. ಅದು ಇದ್ದ ಜಾಗಕ್ಕೆ ಕಂಚು."

ಕಿಟ್ಟ ತಲೆಯಾಡಿಸಿದ. ಅವನಿಗೆ ಗೊತ್ತಿಲ್ಲದ ವಿದ್ಯೆಯೇನೂ ಅಲ್ಲ.

"ಹಾಗಾದರೆ ಇದು ನಿಮಗೆ ಹಿಂದೆ ಸಿಗುವುದಿಲ್ಲ" ಎಂದು ಆಚಾರಿ ಬಿಡಿಸಿ ಹೇಳಿದರು. "ಸುಡಬಹುದಲ್ಲ?"

ಇಲ್ಲಿ ಅವನು ಒಂದು ಗಳಿಗೆ ನಿಂತು ಯೋಚಿಸಬೇಕಿತ್ತು. ಅಕ್ಕನಿಗೆ ಕೊಟ್ಟ ಮಾತು ಮರೆತಿರಲಿಲ್ಲ. ಅದು ತಲೆಯೊಳಗೆ ಎಲ್ಲೋ ಇತ್ತು, ಪೆಟ್ಟಿಗೆಯ ತಳದಲ್ಲಿ ಮಡಚಿಟ್ಟ ಬಟ್ಟೆಯ ಹಾಗೆ. ಆದರೆ ಫೆಬ್ರವರಿಯಿಂದ ಯಾರು ಏನು ಕೇಳಿದರೂ ಬಾಯಿಗೆ ಬರುತ್ತಿದ್ದ ಮಾತು ಒಂದೇ, ಈಗಲೂ ಅದೇ ಬಂತು.

"ಆಗಬಹುದು."

ಮಾಡುವಾಗ ಅವನು ಪಕ್ಕದಲ್ಲೇ ಇದ್ದ. ಹುತ್ತದ ಮಣ್ಣಿಗೆ ಭತ್ತದ ಹೊಟ್ಟು ಕಲಸಿ ಮೆತ್ತಲು ಕೈ ಹಾಕಿದ. ಒಲೆಯ ಉರಿಯಲ್ಲಿ ಮಣ್ಣಿನ ಉಂಡೆ ಕೆಂಪಾಯಿತು. ಮೇಲಿನ ತೂತಿನಿಂದ ಮೊದಲು ಮೇಣದ ಹೊಗೆ, ಆಮೇಲೆ ಬಟ್ಟೆ ಸುಟ್ಟ ಹೊಗೆ, ಕೊನೆಗೆ ನಾರು ಸುಟ್ಟ ಹೊಗೆ ಬಂತು. ನಡುವೆ ಒಮ್ಮೆ ಗಾಳಿ ತಿರುಗಿ ಹುರಿದ ಮೀನಿನ ಸಣ್ಣ ವಾಸನೆ ಹಾದುಹೋಯಿತು. ಯಾರ ಮನೆಯಲ್ಲೋ ಮಧ್ಯಾಹ್ನದ ಅಡುಗೆ ಎಂದುಕೊಂಡ. ಆಚಾರಿಯ ಮನೆಯಲ್ಲಾಗಲೀ ಆಸುಪಾಸಿನಲ್ಲಾಗಲೀ ಮೀನು ತಿನ್ನುವವರು ಯಾರೂ ಇರಲಿಲ್ಲ.

ಮಾರನೆಯ ದಿನ ಮಣ್ಣು ಒಡೆದಾಗ ಒಳಗಿದ್ದ ಕೆಲಸ ನೋಡಿ ಆಚಾರಿಯೇ ಹುಬ್ಬೇರಿಸಿದರು. ಐದು ಕಿಲೋ ತೂಗುವ ಕಂಚಿನಲ್ಲಿ ಸೀರೆಯ ನೇಯ್ಗೆ ಕಾಣುತ್ತಿತ್ತು, ಗಂಟು ಕಾಣುತ್ತಿತ್ತು, ಎಡಗಡೆಯ ತಗ್ಗು ಹಾಗೆಯೇ ಇತ್ತು. ಆ ತಗ್ಗಿನ ಬದಿಯಲ್ಲಿ ಒಂದು ತೆಳು ಗೆರೆ.

"ಇದೊಂದು ಬೇಡದ ಗೆರೆ ಬಿದ್ದಿದೆ. ಅರ ಹಾಕಿ ತೆಗೆಯಲಾ?"

ಕಿಟ್ಟ ಬಗ್ಗಿ ನೋಡಿದ. ಗೆರೆಯಲ್ಲ, ಕೂದಲು. ಬಟ್ಟೆಗೆ ಸುತ್ತಿಕೊಂಡಿದ್ದ ತಾಯಿಯ ಒಂದು ಕೂದಲು ಉರಿದುಹೋಗಿ, ಅದರ ಜಾಡಿನಲ್ಲಿ ಕಂಚು ಹರಿದಿತ್ತು. ಇದನ್ನು ನೋಡಿ ತನಗೆ ಏನಾದರೂ ಆಗಬೇಕು ಎಂದು ಅವನು ಸ್ವಲ್ಪ ಹೊತ್ತು ಕಾದ. ಏನೂ ಆಗಲಿಲ್ಲ.

"ಇರಲಿ, ಬಿಡಿ" ಎಂದ.

ಉಡುಪಿಯ ಪ್ರದರ್ಶನಕ್ಕೆ ಜನ ಬಂದರು. ಗೋಡೆಗೆ ಬಿಳಿ ಸುಣ್ಣ, ಬಾಗಿಲಲ್ಲಿ ಶರಬತ್ತು, ಎಲ್ಲೆಡೆ 'ದಯವಿಟ್ಟು ಮುಟ್ಟಬೇಡಿ' ಎಂಬ ಚೀಟಿ. ಎರಡನೆಯ ದಿನ ಪುಷ್ಪಾವತಿಯೂ ಬಂದಳು. ತಾಯಿಯ ಹಾಗೆ ಅವಳೂ ಮೀನು ಮಾರುವವಳು, ಆದರೆ ಅವಳದ್ದು ಅಲ್ಯೂಮಿನಿಯಂ ಕಾಲ. ಬೆತ್ತದ ಬುಟ್ಟಿಯಿಂದ ನೀರು ಸೋರುತ್ತದೆಂದು ಬಸ್ಸಿನವರು ಹತ್ತಿಸದೆ ಹೋದ ಮೇಲೆ ಮೀನು ಮಾರುವವರೆಲ್ಲ ದೊಡ್ಡ ಬೋಗುಣಿಗೆ ಬದಲಾಗಿದ್ದರು. ಖಾಲಿ ಬೋಗುಣಿಯನ್ನು ಚಪ್ಪಲಿಗಳ ಸಾಲಿನಲ್ಲಿಟ್ಟು, ಸೆರಗು ಸರಿಮಾಡಿಕೊಂಡು ಒಳಗೆ ಬಂದಳು. ಹಾಳೆಯ ಟೋಪಿಯ ಮುಂದೆ ನಿಂತು, "ಇದನ್ನು ನೋಡಲಿಕ್ಕೆ ಇಷ್ಟು ಜನವಾ ಮಾರಾಯ!" ಎಂದು ತಮ್ಮನ ಕಿವಿಯಲ್ಲಿ ಕೇಳಿದಳು. ಅಷ್ಟರಲ್ಲಿ ನಡುವಿನ ಕಟ್ಟೆಯ ಮೇಲಿನದ್ದು ಕಣ್ಣಿಗೆ ಬಿತ್ತು.

ಚೀಟಿ ಓದಲು ಬಾರದ ಪುಷ್ಪಾವತಿ ನೇರವಾಗಿ ಹೋಗಿ ಎರಡೂ ಕೈಯಲ್ಲಿ ಮುಟ್ಟಿದಳು. ಲೊರ್ನಾ ಮೇಡಂ ಓಡಿ ಬರುವವರು ಅವಳ ಮುಖ ನೋಡಿ ಅರ್ಧದಲ್ಲೇ ನಿಂತರು. ಅವಳ ಹೆಬ್ಬೆರಳು ತಗ್ಗಿನಲ್ಲಿ ಇಳಿದು, ಗೆರೆಗೆ ಬಂದು ನಿಂತಿತ್ತು.

"ಇದು ಎಂತ?"

"ಅಮ್ಮನ ಕೂದಲು."

"ಕೂದಲು ಕೂಡ ಮಾಡಿದ್ದೀಯಾ! ನೋಡಿ ನೋಡಿ ಕೂದಲು ಕೂಡ ಮಾಡಿದ್ದೀಯಾ!" ಅವಳ ಕಣ್ಣು ತುಂಬಿತು. "ನಿನಗೆ ಎಂತದೂ ಇಲ್ಲ ಅಂತ ಜನ ಹೇಳಿದರು. ನಾನೂ ಹೇಳಿದ್ದೇನೆ ಕಿಟ್ಟ, ತಪ್ಪಾಯಿತು." ಸೆರಗಿನಿಂದ ಮುಖ ಒರೆಸಿಕೊಂಡಳು. "ಬಟ್ಟೆಯದ್ದು ಎಲ್ಲಿ ಉಂಟು?"

"ಮಣಿಪಾಲದಲ್ಲಿ ಉಂಟು."

"ಜಾಗ್ರತೆ ಮಾಡು. ಆಟಿಗೆ ತರಬೇಕು, ಅಲ್ವಾ?"

"ಆಗಬಹುದು" ಎಂದ ಕಿಟ್ಟ. ಹಸಿ ಸುಳ್ಳು. ನಾಚಿಕೆಯಾದರೂ ಆಗಬೇಕಿತ್ತು, ಅದೂ ಆಗಲಿಲ್ಲ. ಅಕ್ಕನಿಗೆ ಒಂದು ಲೋಟ ಶರಬತ್ತು ತಂದುಕೊಟ್ಟು, ಅವಳು ಕುಡಿಯುವುದನ್ನು ನೋಡುತ್ತ ನಿಂತ.

ಜುಲೈ ಕೊನೆಯಲ್ಲಿ ಅಮಾವಾಸ್ಯೆ ಬಂತು. ಮಳೆನೀರಿನ ಮಣ್ಣು ಸೇರಿ ಕೆಂಪಾದ ಕಡಲು ಮೊರೆಯುತ್ತಿತ್ತು, ದೋಣಿಗಳೆಲ್ಲ ದಡದಲ್ಲಿ ತೆಂಗಿನ ಗರಿ ಹೊದ್ದು ಮಲಗಿದ್ದವು. ಬಸ್ಸಿಳಿದು ಕಿಟ್ಟ ಮನೆಗೆ ನಡೆಯುವಾಗ ಚೀಲದೊಳಗಿನ ಕಂಚು ತೊಡೆಗೆ ಬಡಿಯುತ್ತಿತ್ತು. ಬೇರೆ ಏನನ್ನಾದರೂ ತೋರಿಸಿ ಬಟ್ಟೆಯದ್ದೇ ಎನ್ನಬಹುದಿತ್ತು, ಹಳೆಯ ಸೀರೆ ಸುತ್ತಿ ಇನ್ನೊಂದು ಮಾಡಬಹುದಿತ್ತು. ಮಾಡುವ ಕೈಯೂ ಇತ್ತು. ಅದಕ್ಕೂ ಮನಸ್ಸು ಏಳಲಿಲ್ಲ.

ಒಳಕೋಣೆಯಲ್ಲಿ ಮಣೆ ಹಾಕಿಯಾಗಿತ್ತು. ಎಲೆಯ ಮೇಲೆ ಕುಚ್ಚಲಕ್ಕಿ ಅನ್ನ, ಒಣಮೀನಿನ ಚಟ್ನಿ, ಪತ್ರೊಡೆ. ಬದಿಯಲ್ಲಿ ಒಂದು ಗ್ಲಾಸು ಚಾ, ಎಲೆಯಡಿಕೆ. ಪುಷ್ಪಾವತಿ ಮಿಂದು ಒದ್ದೆ ಕೂದಲು ಗಂಟು ಹಾಕಿಕೊಂಡು ಕೈ ಚಾಚಿದಳು. ಕಿಟ್ಟ ಚೀಲದಿಂದ ಕಂಚಿನದ್ದನ್ನು ತೆಗೆದುಕೊಟ್ಟ.

"ಇದಲ್ಲ ಮಾರಾಯ. ಬಟ್ಟೆಯದ್ದು."

"ಇದೇ ಅಕ್ಕ. ಬೇರೆ ಇಲ್ಲ. ಅದನ್ನು ಸುಟ್ಟೇ ಇದನ್ನು ಮಾಡಿದ್ದು."

"ಗೊತ್ತಿದ್ದೇ ಸುಟ್ಟದ್ದಾ?"

"ಆಚಾರಿ ಕೇಳಿದರು. ಆಗಬಹುದು ಎಂದೆ."

ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಕಂಚಿನ ಸಿಂಬಿಯನ್ನು ಮೂಗಿನ ಹತ್ತಿರ ತಂದು ಮೂಸಿದಳು, ತಿರುಗಿಸಿ ಇನ್ನೊಮ್ಮೆ ಮೂಸಿದಳು. "ವಾಸನೆಯೇ ಇಲ್ಲ ಇದಕ್ಕೆ. ಅವಳಿಗೆ ಗುರುತು ಸಿಗಲಿಕ್ಕಿಲ್ಲ" ಎಂದಳು. ಅದನ್ನು ಗೋಡೆಯ ಬದಿಯಲ್ಲಿ ನೆಲಕ್ಕಿಟ್ಟಳು. ಅನ್ನದ ಹಬೆ ಆರುತ್ತ ಬಂದಿತ್ತು. "ಬರುತ್ತಾಳೆ ಈಗ. ಖಾಲಿ ಮಣೆ ನೋಡಿ ಹೊಸ್ತಿಲಿನಿಂದಲೇ ಹೋಗುತ್ತಾಳೆ. ಹಸಿದುಕೊಂಡು ಹೋಗುತ್ತಾಳೆ ಕಿಟ್ಟ."

ಅಕ್ಕನ ಧ್ವನಿ ಒಡೆಯಿತು. ತಮ್ಮನನ್ನು ಅವಳು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು, ಸಂತೆಯಲ್ಲಿ ಪಾತ್ರೆ ನೋಡುವ ಹಾಗೆ.

"ಅಂಗಿ ತೆಗೆ. ಕೂತುಕೋ ಮಣೆಯಲ್ಲಿ."

"ನಾನಾ?"

"ಅವಳ ಮೈಯದ್ದು ಅಂತ ಈ ಮನೆಯಲ್ಲಿ ಇನ್ನು ಎಂತ ಉಂಟು? ನಾನು ಬಡಿಸಿದವಳು, ನಾನು ಕೂರುವ ಹಾಗಿಲ್ಲ. ನೀನೇ ಆಗಬೇಕು. ಮಾತಾಡಬೇಡ. ಎಲೆ ಮುಟ್ಟಬೇಡ. ನೀನು ಈಗ ಕಿಟ್ಟ ಅಲ್ಲ. ಸಿಂಬಿಯ ಬದಲು ಇಟ್ಟದ್ದು, ಅಷ್ಟೆ."

ಬಾಗಿಲು ಮುಚ್ಚಿತು. ಕಿಟಕಿಯಿಲ್ಲದ ಕೋಣೆಯಲ್ಲಿ ದೀಪವೊಂದೇ. ಹಂಚಿನ ಮೇಲೆ ಮಳೆ ಹುಯ್ಯುತ್ತಿತ್ತು. ಕಿಟ್ಟ ಇಟ್ಟಲ್ಲಿ ಕುಳಿತ. ಇಷ್ಟು ವರ್ಷ ಎಷ್ಟೋ ವಸ್ತುಗಳನ್ನು ಹೀಗೆ ಎದುರಿಗಿಟ್ಟು, ಬಳಸಿದವರು ಇದರಲ್ಲಿ ಎಲ್ಲಿದ್ದಾರೆ ಎಂದು ಹುಡುಕಿದವನು ಅವನು. ಈಗ ಯಾರೋ ಬಂದು ತನ್ನಲ್ಲಿ ಹುಡುಕಬೇಕು. ಬಂದವಳಿಗೆ ಏನು ಸಿಕ್ಕೀತು? ಬೋಳಾಗುತ್ತಿರುವ ತಲೆ, ಪ್ಲಾಸ್ಟರು ಮೆತ್ತಿದ ಉಗುರು. ಮದ್ರಾಸಿಗೆ ಹೋದ ಮೇಲೆ ಅಂಗಳದಲ್ಲಿ ಅವಳ ಕೂಗಿಗೆ ಓಡಿಬರದ ಕಾಲು. ಅದಕ್ಕೆ ಮೊದಲು ಓಡಿಬರುತ್ತಿತ್ತು. ಶಿರ್ವದಿಂದ ಬಂದವಳು ಮೊಣಕಾಲು ಬಗ್ಗಿಸಿ ಕುಗ್ಗುತ್ತಿದ್ದಳು, ಪುಟ್ಟ ಕೈಗೆ ಎಟುಕಲಿ ಎಂದು. "ಇಳಿಸು ಕಿಟ್ಟ." ಬುಟ್ಟಿ ಇಳಿದ ಮೇಲೆ ಸಿಂಬಿಯನ್ನು ತೆಗೆದು ಅವನ ತಲೆಯ ಮೇಲಿಡುತ್ತಿದ್ದಳು. ಬಿಸಿಯಾಗಿರುತ್ತಿತ್ತು ಅದು. ಕಣ್ಣಿನವರೆಗೂ ಜಾರುತ್ತಿತ್ತು.

ಕುತ್ತಿಗೆ ನೋಯತೊಡಗಿತು. ಮೊದಲು ಸ್ವಲ್ಪ, ಆಮೇಲೆ ಜೋರಾಗಿ. ಬೆನ್ನು ನೆಟ್ಟಗೆ ಮಾಡಿದ, ಕಡಿಮೆಯಾಗಲಿಲ್ಲ. ತಲೆಯ ಮೇಲೆ ಏನೂ ಇಲ್ಲ ಎಂದು ಅವನಿಗೆ ಗೊತ್ತು. ಅದೇ ಬುದ್ಧಿಮಾತನ್ನು ಜ್ವರದವಳಿಗೂ ಹೇಳಿದ್ದ. ಗೊತ್ತಿದ್ದರೂ ಭಾರ ಏರುತ್ತ ಹೋಯಿತು, ಭುಜ ನಡುಗಿತು, ಉಸಿರು ಸಣ್ಣಗಾಯಿತು. ಎದ್ದು ಬಾಗಿಲು ಬಡಿಯೋಣವೆಂದರೆ ಏಳಲಿಕ್ಕೆ ಆಗಲಿಲ್ಲ.

ಪುಷ್ಪಾವತಿ ಮೂರು ಸಲ ಬಾಗಿಲು ತಟ್ಟಿ ಒಳಗೆ ಬಂದಳು. ಎಲೆ ನೋಡಿದಳು, ಆಮೇಲೆ ತಮ್ಮನನ್ನು ನೋಡಿದಳು. ಅವನ ಕುತ್ತಿಗೆಯ ನರ ಉಬ್ಬಿತ್ತು, ಮೈಯೆಲ್ಲ ಬೆವರು.

"ಎಂತ ಕಿಟ್ಟ? ಬಂದಳಾ?"

ಅವನಿಗೆ ಹೌದು ಎನ್ನಲಿಕ್ಕೂ ಬರಲಿಲ್ಲ, ಇಲ್ಲ ಎನ್ನಲಿಕ್ಕೂ ಬರಲಿಲ್ಲ. ಆಗಬಹುದು ಎಂಬ ಮಾತೂ ಬಾಯಿಗೆ ಸಿಗಲಿಲ್ಲ.

"ಇಳಿಸು ಅಕ್ಕ" ಎಂದ.

ಪುಷ್ಪಾವತಿ ಗೋಡೆಯ ಬದಿಯಿಂದ ಕಂಚಿನ ಸಿಂಬಿಯನ್ನು ಎಳೆದು ಮಣೆಯ ಪಕ್ಕದಲ್ಲಿಟ್ಟಳು. ಅವನ ತಲೆಯ ಮೇಲೆ, ಏನೂ ಇಲ್ಲದ ಜಾಗದಲ್ಲಿ ಎರಡೂ ಕೈ ಹಿಡಿದು, ಉಸಿರು ಬಿಗಿದು ಎತ್ತಿದಳು. ನಿಧಾನವಾಗಿ ಬಗ್ಗಿ, ಅದನ್ನು ಸಿಂಬಿಯ ಮೇಲೆ ಸರಿಯಾಗಿ ಕೂರಿಸಿ ಇಳಿಸಿದಳು.

"ಇಳಿಸಿದೆ" ಎಂದಳು.

ಫೆಬ್ರವರಿಯಲ್ಲಿ ಬರಬೇಕಾಗಿದ್ದ ಅಳು ಆಗ ಬಂತು. ಕಲಿತವರು ಅಳುವ ಹಾಗೆ ಇರಲಿಲ್ಲ ಅದು. ನೆರೆಮನೆಯವರಿಗೆ ಕೇಳಿಸುವಷ್ಟು ದೊಡ್ಡದಾಗಿ, ಬಾಯಿ ತೆರೆದು ಅತ್ತ. ಪುಷ್ಪಾವತಿ ಸಮಾಧಾನ ಮಾಡಲು ಹೋಗಲಿಲ್ಲ. ಅವನ ಎದುರು ನೆಲದಲ್ಲಿ ಕುಳಿತು, ತಣ್ಣಗಾದ ಚಾದ ಗ್ಲಾಸನ್ನು ಕೈಯಲ್ಲಿ ಹಿಡಿದುಕೊಂಡು, ಅಳು ಮುಗಿಯುವವರೆಗೆ ಕಾದಳು.